ಸಪ್ಪಳವಿಲ್ಲದ ಹಾಸಿಗೆ

ನಮ್ಮೂರಲ್ಲಿ ಹಾಸಿಗೆ ಹೊಲಿಯುವವಳು ನಾನೊಬ್ಬಳೇ. ಇದರಲ್ಲಿ ಜಂಬವೇನಿಲ್ಲ, ಇನ್ನೊಬ್ಬರಿಗೆ ಸಾಲುವಷ್ಟು ಕೆಲಸವೇ ಇಲ್ಲಿಲ್ಲ. ಕಣ್ಣು ಹತ್ತಿ ನಾಲ್ಕೈದು ಉಸಿರಾಗುವಷ್ಟರಲ್ಲಿ ಮೈ ಒಂದು ಗೇಣು ಮೇಲೇಳುವ ಊರಲ್ಲಿ ಹಾಸಿಗೆ ಯಾರಿಗೆ ಬೇಕು? ಬರಿ ಮಂಚ ಸಾಕು, ಮಂಚವಿಲ್ಲದವರಿಗೆ ನೆಲ ಸಾಕು. ಕಾಲಿನ ಹೆಬ್ಬೆರಳಿಗೆ ಒಂದು ದಾರ ಕಟ್ಟಿ ಅದರ ಇನ್ನೊಂದು ತುದಿಯನ್ನು ಮಂಚದ ಕಾಲಿಗೆ ಬಿಗಿದರೆ ಮುಗಿಯಿತು, ಕಿಟಕಿಯ ಗಾಳಿಗೆ ಅತ್ತಿತ್ತ ಸರಿಯುವ ಭಯವಿಲ್ಲ. ಮಕ್ಕಳು ಎರಡು ಗೇಣು ಏಳುತ್ತವೆ, ಅವಕ್ಕೆ ದಾರವನ್ನು ಗಿಡ್ಡ ಕಟ್ಟಬೇಕು. ಹೊರಗಿನಿಂದ ಬಂದವರು ಮೊದಲ ದಿನ ಕೂಗಾಡುತ್ತಾರೆ, ಎರಡನೆಯ ದಿನ ತಾವೇ ದಾರ ಕೇಳಿ ಇಸಿದುಕೊಳ್ಳುತ್ತಾರೆ.

ಹಾಸಿಗೆ ಬೇಕಾಗುವುದು ಬೀಳುವವರಿಗೆ ಮಾತ್ರ. ಮೇಲೆದ್ದ ಮೈ ನಡುನಿದ್ದೆಯಲ್ಲಿ ಧಪ್ಪನೆ ಕೆಳಗೆ ಬೀಳುವ ಒಬ್ಬಿಬ್ಬರು ಪ್ರತಿ ಓಣಿಯಲ್ಲೂ ಇರುತ್ತಾರೆ. ಅವರ ಮನೆಯವರು ನನ್ನ ಬಾಗಿಲಿಗೆ ಬರುವುದು ಊರೆಲ್ಲ ಉಂಡು ಮಲಗಿದ ಮಧ್ಯಾಹ್ನದ ಹೊತ್ತಿನಲ್ಲಿ. ಹಾಸಿಗೆ ಅವರ ಮನೆಗೆ ಹೋಗುವುದು ಚಕ್ಕಡಿಯಲ್ಲಿ, ದನದ ಮೇವಿನ ಕಣಿಕೆಯ ಕೆಳಗೆ. ಮನೆಗೆ ಹಾಸಿಗೆ ಬಂತು ಎನ್ನುವುದು ಹೊರಗೆ ಗೊತ್ತಾದರೆ ಆ ಮನೆಯ ಹುಡುಗಿಗೆ ಗಂಡು ಸಿಗುವುದು ಕಷ್ಟ. ಹೀಗಾಗಿ ನನ್ನ ಗಿರಾಕಿಗಳು ಸಂತೆಯಲ್ಲಿ ಎದುರಾದರೆ ನನ್ನನ್ನು ಕಂಡೇ ಇಲ್ಲದವರ ಹಾಗೆ ಹೋಗುತ್ತಾರೆ. ನಾನೂ ಹಾಗೇ ಹೋಗುತ್ತೇನೆ, ಅದು ನಮ್ಮ ಕಸುಬಿನ ಮರ್ಯಾದೆ. ನಮ್ಮಪ್ಪ ಅರಳೆ ಹಿಂಜುವುದರ ಜೊತೆಗೆ ನನಗೆ ಅದನ್ನೂ ಕಲಿಸಿದ. ಬಾಯಿ ಮುಚ್ಚಿಕೊಂಡಿರುವುದನ್ನು ಕಲಿತೆ, ಕಣ್ಣು ಮುಚ್ಚಿಕೊಂಡಿರುವುದನ್ನು ಮಾತ್ರ ಇವತ್ತಿಗೂ ಕಲಿಯಲಾಗಿಲ್ಲ. “ಮಾಬೂಬಿ, ಊರ ಉಸಾಬರಿ ನಿನಗ್ಯಾಕಲೇ” ಎಂದು ಅವ್ವ ಬೈದದ್ದಕ್ಕೆ ಮಿತಿಯಿಲ್ಲ.

ಸಾವಂತ್ರವ್ವನ ವಿಷಯದಲ್ಲಿ ಮಾತ್ರ ಗುಟ್ಟು ಅನ್ನುವುದೇ ಇರಲಿಲ್ಲ. ಕೆಳಗಿನ ಓಣಿಯಲ್ಲಿ ಆಕೆಯದು ರೊಟ್ಟಿ ಖಾನಾವಳಿ. ನಲವತ್ತೇಳು ವರ್ಷ, ದೊಡ್ಡ ಮೈ, ಅದಕ್ಕಿಂತ ದೊಡ್ಡ ದನಿ. ಊಟದವರೆಲ್ಲ ಎದ್ದುಹೋದ ಮೇಲೆ ಆಕೆ ಮಂಚಕ್ಕೆ ಮೈಚಾಚಿದರೆ ಸಾಕು, ಮೊದಲು ಗೊರಕೆ, ಆಮೇಲೆ ಧಪ್. ಮತ್ತೆ ಗೊರಕೆ, ಮತ್ತೆ ಧಪ್. “ಬಿತ್ತು ನೋಡ್ರಿ ಜ್ವಾಳದ ಚೀಲ” ಎಂದು ಗೋಡೆಯಾಚೆಯ ದರ್ಜಿ ಕೂಗುತ್ತಿದ್ದ, ಓಣಿ ನಗುತ್ತಿತ್ತು. ಮೈ ಭಾರ, ಭಾರವಾದದ್ದು ಬೀಳುತ್ತದೆ, ಇದರಲ್ಲಿ ಯೋಚಿಸುವಂಥದ್ದು ಏನಿದೆ ಎನ್ನುವುದು ಊರಿನವರ ತೀರ್ಮಾನ. ಡಾಕ್ಟರೂ ಕುರ್ಚಿಯಿಂದ ಏಳದೆ ಅದನ್ನೇ ಅಂದಿದ್ದರು. “ತೂಕ ಇಳಿಸಿ ಅಮ್ಮಾ, ಎಲ್ಲಾ ತಾನೇ ಸರಿಹೋಗುತ್ತೆ.” ಆಕೆ ರಾತ್ರಿಯ ಊಟ ಬಿಟ್ಟಳು, ಎರಡು ತಿಂಗಳು ನವಣೆ ಗಂಜಿ ಕುಡಿದಳು, ಬೀಳುವುದು ನಿಲ್ಲಲಿಲ್ಲ. ಹಗಲೆಲ್ಲ ತೂಕಡಿಕೆ. ರೊಟ್ಟಿ ಬಡಿಯುತ್ತ ಬಡಿಯುತ್ತ ಕೂತಲ್ಲೇ ಕಣ್ಣು ಹತ್ತಿ, ಮಣೆಯಿಂದ ಮೇಲೆದ್ದು, ಉರಿಯುವ ಒಲೆಯ ಕಡೆ ವಾಲುತ್ತಿದ್ದಳು. ಮಗಳು ಕಸ್ತೂರಿ ಓಡಿಬಂದು ಸೆರಗು ಹಿಡಿದು ಎಳೆಯಬೇಕು. ಅದಕ್ಕೂ ಊರಲ್ಲಿ ಒಂದು ಗಾದೆ ತಯಾರಿತ್ತು. “ಚಿಂತಿ ಇಲ್ಲದಾಕಿಗೆ ಸಂತ್ಯಾಗೂ ನಿದ್ದಿ.”

ಒಂದು ಮಧ್ಯಾಹ್ನ ಆಕೆಯ ಗಂಡ ಫಕೀರಪ್ಪ ಟವೆಲ್ಲು ತಲೆಮೇಲೆ ಹೊದ್ದು ನನ್ನ ಬಾಗಿಲಲ್ಲಿ ನಿಂತ. ಬಡಪಾಯಿ ಮನುಷ್ಯ, ಜೋರಾಗಿ ಕೆಮ್ಮುವುದಕ್ಕೂ ಹೆಂಡತಿಯನ್ನು ಕೇಳುವವನು.

“ಮಾಬೂಬಕ್ಕ, ನಾಕು ಹಾಸಿಗಿ ದಪ್ಪಾನ ಒಂದರಾಗ ತುಂಬಿ ಕೊಡಬೇಕು. ಬಿದ್ರ ಸಪ್ಪಳಽ ಕೇಳಬಾರದು.”

“ಯಾಕ್ರಿ, ಇಷ್ಟು ವರ್ಷ ಇಲ್ಲದ್ದು ಈಗ?”

“ಕಸ್ತೂರಿಗೆ ಮ್ಯಾಲಿನ ಓಣಿ ಸಂಬಂಧ ಬಂದೈತಿ. ಬರೂ ಶುಕ್ರವಾರ ಕಿವಿಗೊಡಾಕ ಬರ್ತಾರ.”

ಕಿವಿಗೊಡುವುದು ಅಂದರೆ ನಮ್ಮಲ್ಲಿ ಮದುವೆಯ ಮೊದಲ ಶಾಸ್ತ್ರ. ಗಂಡಿನ ಕಡೆಯವರು ಹುಡುಗಿಯ ಮನೆಯಲ್ಲಿ ಊಟ ಮಾಡುತ್ತಾರೆ. ಊಟವಾದ ಮೇಲೆ ಹುಡುಗಿಯೂ ಹುಡುಗಿಯ ತಾಯಿಯೂ ಒಳಗಿನ ಕೋಣೆಯಲ್ಲಿ ಮಲಗುತ್ತಾರೆ. ಬಾಗಿಲು ಮುಂದೆ ಮಾಡಿ, ಹೊರಗೆ ಒಂದು ಊದಿನಕಡ್ಡಿ ಹಚ್ಚಿಟ್ಟು, ಬಂದವರು ಮಾತಿಲ್ಲದೆ ಕೂರುತ್ತಾರೆ. ಕಡ್ಡಿ ಉರಿದು ಮುಗಿಯುವ ತನಕ ಒಳಗಿನಿಂದ ಧಪ್ ಎನ್ನುವ ಸದ್ದು ಬಾರದಿದ್ದರೆ ಎಲೆ-ಅಡಿಕೆ, ಬಂದರೆ ಚಪ್ಪಲಿ ಮೆಟ್ಟಿ ಹೊರಡುವುದು. ತಾಯಿ ಬಿದ್ದರೂ ಅಷ್ಟೇ, ತಾಯಿಯಂತೆ ಮಗಳು ಅನ್ನುತ್ತಾರೆ. ಕೆಳಗಿನ ಓಣಿಯ ಸುದ್ದಿ ಮೇಲಿನ ಓಣಿಗೆ ಹೋಗಿರಬಹುದು, ಸದ್ದು ಹೋಗುವುದಿಲ್ಲ, ಕಿವಿಯಾರೆ ಕೇಳದ್ದು ಶಾಸ್ತ್ರದಲ್ಲಿ ಲೆಕ್ಕಕ್ಕಿಲ್ಲ, ಅದೊಂದೇ ಫಕೀರಪ್ಪನ ಧೈರ್ಯ.

ನಾನು ಅಳತೆ ತೆಗೆಯುವುದು ಮಲಗಿದವರನ್ನು ನೋಡಿ. ಕೆಲವರು ಹೆಗಲ ಮೇಲೆ ಬೀಳುತ್ತಾರೆ, ಕೆಲವರು ಸೊಂಟದ ಮೇಲೆ, ಅರಳೆಯನ್ನು ಆ ಜಾಗಕ್ಕೆ ಹೆಚ್ಚು ತುಂಬಬೇಕಾಗುತ್ತದೆ. ಮರುದಿನ ಮಧ್ಯಾಹ್ನ ಸಾವಂತ್ರವ್ವನ ಕೋಣೆಗೆ ಹೋದಾಗ ಆಕೆ ಮಂಚದ ಮೇಲೆ ಕೂತು ಕೂದಲು ಬಿಚ್ಚುತ್ತಿದ್ದಳು.

“ಬಾರವಾ ಮಾಬೂ. ಟೇಪು ಸಾಲ್ತೈತೋ ಇಲ್ಲೋ?”

“ಸಾಲದಿದ್ರ ಇನ್ನೊಂದು ಟೇಪು ಗಂಟು ಹಾಕ್ತೀನ್ರಿ ಅಕ್ಕಾರ.”

ಆಕೆ ಮಂಚ ಅಲುಗುವ ಹಾಗೆ ನಕ್ಕಳು. ನಗುತ್ತಲೇ ಕುಪ್ಪಸದ ಹಿಂದಿನ ಅಂಚು ಸರಿಸಿ ಬೆನ್ನು ತೋರಿಸಿದಳು. ನಾನು ಬೀಳುವವರ ಬೆನ್ನುಗಳನ್ನು ಬೇಕಾದಷ್ಟು ನೋಡಿದ್ದೇನೆ, ಇಂಥದ್ದನ್ನು ನೋಡಿರಲಿಲ್ಲ. ಹೆಗಲಿಂದ ಸೊಂಟದವರೆಗೆ ಹಸಿರು, ನೀಲಿ, ಕಪ್ಪು.

“ಮುಂಜಾನಿ ಎದ್ರ ತಲಿ ಒಡದು ಹೋಗ್ತೈತಿ. ಇಡೀ ರಾತ್ರಿ ಯಾರೋ ಕುತಗಿ ಹಿಚಕಿ ಬಿಟ್ಟಂಗ ಇರ್ತೈತಿ. ಯಾರಿಗೆ ಹೇಳ್ಲಿ? ಹೇಳಿದ್ರ ಒಂದು ರೊಟ್ಟಿ ಕಡಿಮಿ ತಿನ್ನು ಅಂತಾರ. ನಾ ಉಂಡದ್ದು ಎಲ್ಲಾರಿಗೂ ಕಾಣತೈತಿ ಮಾಬೂ, ನಂಗ ನಿದ್ದಿ ಇಲ್ಲದ್ದು ಯಾರಿಗೂ ಕಾಣಂಗಿಲ್ಲ.”

ಹಾಗೆ ಅಂದವಳು ಮಲಗಿದ ಕ್ಷಣಕ್ಕೇ ಗೊರಕೆ ಹೊಡೆದಳು. ನೋಡಿದರೆ ಏನು ಸಲೀಸಾಗಿ ಮೇಲೆದ್ದಳು ಅಂತೀರಿ! ಅಷ್ಟು ದೊಡ್ಡ ಮೈ ತಡವಿಲ್ಲದೆ, ತೂಗಾಡದೆ ಪೂರ್ತಿ ಒಂದು ಗೇಣು ಎದ್ದು ನಿಂತಿತು. ಭಾರಕ್ಕೆ ಬೀಳುವುದಾದರೆ ಏಳುವುದು ಹೇಗೆ? ನನ್ನ ತಲೆಯಲ್ಲಿ ಹುಳ ಹೊಕ್ಕಿದ್ದು ಅಲ್ಲೇ. ಟೇಪು ಕೆಳಗಿಟ್ಟು ನೋಡುತ್ತ ಕೂತೆ. ಗೊರಕೆ ಏರುತ್ತ ಏರುತ್ತ ಹೋಗಿ ಥಟ್ಟನೆ ನಿಂತಿತು. ಎದೆ ಏಳಲು ಒದ್ದಾಡುತ್ತಿತ್ತು, ಆದರೆ ಸದ್ದಿಲ್ಲ. ಆಮೇಲೆ ಧಪ್. ಬಿದ್ದ ಏಟಿಗೆ ಬಾಯಿ ತೆರೆದು ಹಾ ಎಂದು ಉಸಿರೆಳೆದುಕೊಂಡಳು, ಅರೆಗಣ್ಣು ಬಿಟ್ಟಳು, ಮತ್ತೆ ಗೊರಕೆ, ಮತ್ತೆ ಮೇಲೆ.

ಮಡಿಲಲ್ಲಿ ಅರಳೆ ಇದ್ದೇ ಇರುತ್ತದೆ. ಒಂದು ಎಳೆ ಹಿಂಜಿ ಆಕೆಯ ಮೂಗಿನ ಕೆಳಗೆ ಅಂಟಿಸಿದೆ. ಗೊರಕೆ ಇರುವ ತನಕ ಎಳೆ ಒಳಕ್ಕೂ ಹೊರಕ್ಕೂ ಕುಣಿಯಿತು. ಗೊರಕೆ ನಿಂತಾಗ ಎಳೆಯೂ ನಿಂತಿತು. ನಾನು ಎಣಿಸಿದೆ. ಹನ್ನೆರಡು ಅನ್ನುವಾಗ ಬಿದ್ದಳು. ಮುಂದಿನ ಸಲ ಹದಿನಾಲ್ಕಕ್ಕೆ. ಅದರ ಮುಂದಿನ ಸಲ ಹನ್ನೊಂದಕ್ಕೆ. ಒಮ್ಮೆಯೂ ಮೊದಲು ಬಿದ್ದು ಆಮೇಲೆ ಉಸಿರು ನಿಲ್ಲಲಿಲ್ಲ. ಮೊದಲು ಉಸಿರು ನಿಲ್ಲುತ್ತಿತ್ತು, ಆಮೇಲೆ ಬೀಳುತ್ತಿದ್ದಳು.

ಅಲ್ಲಿಂದ ಎದ್ದವಳು ಮನೆಗೆ ಹೋಗುವುದು ಬಿಟ್ಟು ಗರಡಿಮನೆಗೆ ಹೋದೆ. ಪೈಲ್ವಾನ್ ಹಣಮಗೌಡ ಸಾವಂತ್ರವ್ವನಿಗಿಂತ ಒಂದು ಕೈ ಹೆಚ್ಚೇ ಭಾರ. ಊಟ ಮಾಡಿ ಮಲಗಿದ್ದ. ಗೊರಕೆ ಏನು ಕಡಿಮೆಯೇ? ಅದಕ್ಕೆ ಮಾತ್ರ ಯಾರೂ ನಗುವುದಿಲ್ಲ, ಗೌಡರ ಗೊರಕೆ ಅಂದರೆ ಊರಿಗೆ ಹೆಮ್ಮೆ. ಒಂದು ಗಂಟೆ ಬಾಗಿಲಲ್ಲಿ ನಿಂತು ನೋಡಿದೆ, ಒಂದು ಸಲವೂ ಗೊರಕೆ ನಿಲ್ಲಲಿಲ್ಲ, ಒಂದು ಸಲವೂ ಬೀಳಲಿಲ್ಲ. ಅವನ ಶಿಷ್ಯರು ನನ್ನನ್ನು ಹೇಗೆ ನೋಡಿದರು ಎಂದು ಕೇಳಬೇಡಿ. ನನ್ನ ಹಳೆಯ ಗಿರಾಕಿಯೊಬ್ಬರು, ಹೆಸರು ಹೇಳುವುದಿಲ್ಲ, ಕಡ್ಡಿಯಂಥ ಮನುಷ್ಯ, ಗಾಳಿಗೆ ಹಾರುವ ಮೈ, ದಿನವೂ ಬೀಳುತ್ತಾರೆ. ಭಾರದ ಮಾತು ಎಲ್ಲೋ ತಪ್ಪಿದೆ ಅನ್ನುವುದು ನನಗೆ ಖಾತ್ರಿಯಾಯಿತು. ಸರಿ, ಮುಂದೆ? ಮುಂದೆ ಏನೂ ಇಲ್ಲ. ಹೊಸ ವಿಷಯ ತಿಳಿದ ಖುಷಿಯಲ್ಲಿ ಮನೆಗೆ ಬಂದು ಹಾಸಿಗೆ ಹೊಲಿಯಲು ಕೂತೆ. ಹುಚ್ಚಿ, ಅಷ್ಟು ನೋಡಿದ ಮೇಲೂ ಹೊಲಿಯಲು ಕೂತೆ.

ಅಡಿಯಲ್ಲಿ ಗಟ್ಟಿ ಅರಳೆ, ನಡುವೆ ಎರಡು ಸಲ ಹಿಂಜಿದ್ದು, ಮೇಲೆ ಬೂರುಗದ ಹತ್ತಿ. ನಾಲ್ಕು ದಿನದ ಕೆಲಸ. ಅಂಥ ಹಾಸಿಗೆಯನ್ನು ನಮ್ಮಪ್ಪನೂ ಹೊಲಿದಿರಲಿಲ್ಲ. ಮಂಗಳವಾರ ಕಣಿಕೆಯ ಕೆಳಗೆ ಅದು ಖಾನಾವಳಿಯ ಹಿತ್ತಲು ಸೇರಿತು. ಅವತ್ತು ಮಧ್ಯಾಹ್ನ ಸಾವಂತ್ರವ್ವ ಅದರ ಮೇಲೆ ಮಲಗಿದಳು. ನಾನು ಹೊರಗೆ ರೊಟ್ಟಿ ಝುಣಕದ ತಾಟು ಹಿಡಿದು ಕಿವಿ ಅತ್ತ ಇಟ್ಟು ಕೂತೆ. ಗೊರಕೆ ಕೇಳಿತು. ಸದ್ದು ನಿಂತಿತು. ಧಪ್ ಕೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ದರ್ಜಿ ಕಿಟಕಿಯಿಂದ ತಲೆ ಹೊರಗೆ ಹಾಕಿ, “ಯಾಕ್ರಿ ಫಕೀರಪ್ಪಣ್ಣ, ಸಾವಂತ್ರಕ್ಕ ಊರಾಗಿಲ್ಲೇನ್ರಿ?” ಎಂದ. ಫಕೀರಪ್ಪನಿಗೆ ಆನಂದ ತಡೆಯಲಾಗದೆ ನನ್ನ ತಾಟಿಗೆ ಕೇಳದೆಯೇ ಇನ್ನೊಂದು ರೊಟ್ಟಿ ಹಾಕಿದ. ನಾನೂ ಉಬ್ಬಿಹೋದೆ. ಆ ರೊಟ್ಟಿಯನ್ನು ಅರ್ಧ ಮುರಿದಾಗ ಒಂದು ವಿಷಯ ಹೊಳೆಯಿತು. ಪ್ರತಿ ಧಪ್ ಆದಮೇಲೆ ಆಕೆ ಹಾ ಎಂದು ಉಸಿರೆಳೆದುಕೊಳ್ಳುತ್ತಿದ್ದಳಲ್ಲ? ಧಪ್ ಎನ್ನುವುದನ್ನು ನನ್ನ ಹಾಸಿಗೆ ನುಂಗಿತು, ಸರಿ. ಆ ಉಸಿರನ್ನು ಯಾರು ನುಂಗಿದರು?

ತಾಟು ಅಲ್ಲೇ ಬಿಟ್ಟು ಒಳಗೆ ಹೋದೆ. ಆಕೆ ಹಾಸಿಗೆಯೊಳಗೆ ಹೂತುಕೊಂಡು ಮಲಗಿದ್ದಳು. ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಮೂಗಿನ ಕೆಳಗೆ ಅರಳೆ ಹಿಡಿದೆ, ಎಳೆ ಅಲ್ಲಾಡಲಿಲ್ಲ. “ಅಕ್ಕಾರ” ಎಂದೆ. ಹೆಗಲು ಹಿಡಿದು ಅಲುಗಿಸಿದೆ. ಕೊನೆಗೆ ಕೆನ್ನೆಗೆ ಬೀಸಿ ಹೊಡೆದೆ. ಹಾ ಎಂದು ಎದ್ದಳು.

“ಯಾಕ ಹೊಡದ್ಯವಾ?”

ತೋಳು ಹಿಡಿದು ಎಬ್ಬಿಸಿ ಹಾಸಿಗೆಯಿಂದ ಕೆಳಗೆ ಇಳಿಸಿದೆ. ಇಷ್ಟು ವರ್ಷ ಆಕೆಯನ್ನು ಉಳಿಸಿದ್ದು ಆ ಬರಿಮಂಚದ ಏಟು. ಉಸಿರು ನಿಂತಾಗ ಬೀಳುತ್ತಿದ್ದಳು, ಬಿದ್ದ ಏಟಿಗೆ ಎಚ್ಚರಾಗಿ ಉಸಿರಾಡುತ್ತಿದ್ದಳು. ಊರೆಲ್ಲ ನಕ್ಕ ಸಪ್ಪಳವೇ ಆಕೆಯ ಜೀವ ಹಿಡಿದಿತ್ತು. ನಾನು ಅದಕ್ಕೆ ಬೂರುಗದ ಹತ್ತಿ ಹಾಸಿದ್ದೆ.

ಅದನ್ನೆಲ್ಲ ತೊದಲುತ್ತ ಹೇಳಿದಾಗ ಸಾವಂತ್ರವ್ವ ಬಿಚ್ಚಿದ ಕೂದಲು ಬಿಗಿದು ಗಂಟು ಹಾಕಿಕೊಂಡಳು. ಆಮೇಲೆ, “ನಡಿ, ಆ ಡಾಕ್ಟರಗ ನಾ ಏನೂ ಹೇಳಂಗಿಲ್ಲ. ಅವರ ಬೆಂಚಿನ ಮ್ಯಾಲ ಮಲಗತೀನಿ, ನೋಡ್ಲಿ” ಎಂದಳು. ಮರುದಿನ ಹಾಗೇ ಮಾಡಿದಳು. ದವಾಖಾನೆಯ ಬೆಂಚಿನ ಮೇಲೆ ಮೈಚಾಚಿದವಳು ಡಾಕ್ಟರು ಒಳಗಿನಿಂದ ಬರುವಷ್ಟರಲ್ಲಿ ಎರಡು ಸಲ ಬಿದ್ದಾಗಿತ್ತು. ನಾನು ಅವರ ಕೈಗೆ ಒಂದು ಎಳೆ ಅರಳೆ ಕೊಟ್ಟು, “ಮೂಗಿನ ಕೆಳಗ ಹಿಡೀರಿ ಸಾಹೇಬ್ರ” ಎಂದೆ. ಹಿಡಿದರು. ಎಣಿಸಿದರು. ನಾಲ್ಕನೆಯ ಸಲ ಅವರ ಮುಖ ನೋಡುವ ಹಾಗಿತ್ತು.

“ನಿದ್ದೆಯಲ್ಲಿ ಗಂಟಲು ಮುಚ್ಚಿಕೊಂಡು ಉಸಿರು ಕಟ್ಟುತ್ತಿದೆ” ಎಂದರು. “ತೂಕದಿಂದ ಗಂಟಲಿನ ಮೇಲೆ ಒತ್ತಡ ಬೀಳುತ್ತೆ, ಅದು ಸುಳ್ಳಲ್ಲ. ಆದರೆ ನಾನು ಇವರು ಮಲಗಿದ್ದನ್ನೂ ನೋಡಬೇಕಿತ್ತು. ನೋಡಲಿಲ್ಲ.” ಮೂಗಿಗೆ ಕಟ್ಟಿಕೊಳ್ಳುವ, ಗಾಳಿ ಊದಿ ಗಂಟಲು ತೆರೆದಿಡುವ ಒಂದು ಯಂತ್ರವಿದೆ, ನಗರದಿಂದ ತರಿಸಬೇಕು, ಹದಿನೈದು ದಿನವಾಗುತ್ತದೆ ಅಂದರು. ಅಲ್ಲಿಯವರೆಗೆ ಮಗ್ಗುಲಾಗಿ ಮಲಗಿ ಅಂದರು. ಡಾಕ್ಟರು ಹೊರಗೆ ಓದಿ ಬಂದವರು, ಅದಕ್ಕೇ ಹಾಗಂದರು. ಗಾಳಿಯಲ್ಲಿ ನಿಂತ ಮೈಗೆ ಮಗ್ಗುಲು ಎಲ್ಲಿಯದು? ಎರಡೇ ಉಸಿರಿಗೆ ತಿರುಗಿ ಅಂಗಾತವಾಗುತ್ತದೆ.

ಗುರುವಾರ ನಾನು ಹಾಸಿಗೆ ವಾಪಸು ಒಯ್ಯಲು ಹೋದೆ. ಎರಡು ರಾತ್ರಿ ಬರಿ ಮಂಚದಲ್ಲೇ ಮಲಗಿದ್ದ ಸಾವಂತ್ರವ್ವ ಈಗ ಅದರ ಮೇಲೆ ಕೂತುಬಿಟ್ಟಳು.

“ನಾಳಿಗೆ ಒಂದು ಮಧ್ಯಾಹ್ನ ಅಷ್ಟಽ ಮಾಬೂ. ಶನಿವಾರ ಒಯ್ಯಿ.”

“ಅಕ್ಕಾರ, ನಿಮಗ ತಲಿ ಕೆಟ್ಟೈತೇನು? ಜೀವ ಹೋಗ್ತೈತಿ.”

“ಎರಡು ಸಂಬಂಧ ನನ್ನ ಸಪ್ಪಳಕ್ಕಽ ತಪ್ಪ್ಯಾವು. ಬಂದವರು ಎದ್ದು ಹೋಗೂ ಮುಂದ ಕಸ್ತೂರಿ ಅವರ ಚಪ್ಪಲಿ ಹೊರಗಿನ ಕಡೆ ತಿರುವಿ ಇಡ್ತಿತ್ತು, ಗೊತ್ತೈತೇನು ನಿಂಗ? ಒಂದು ಮಾತು ನಂಗ ಅಂದಿಲ್ಲ ಆ ಕೂಸು. ಅಂದಿದ್ರ ಬೇಸಿತ್ತು.” ಆಕೆಯ ಕಣ್ಣಲ್ಲಿ ನೀರು ಬಂತು, ಅದನ್ನು ಒರೆಸಿಕೊಳ್ಳಲೂ ಇಲ್ಲ. “ನೀ ಒಳಗ ನನ್ನ ತಲಿ ಹಂತೇಕ ಕುಂದ್ರು. ಉಸರು ನಿಂತ್ರ ಚಿವುಟು. ಕಡ್ಡಿ ಮುಗಿಯೂತನಕ ಅಷ್ಟಽ.”

ಒಪ್ಪಬಾರದಿತ್ತು, ಒಪ್ಪಿದೆ. ಹದಿನೈದು ದಿನ ತಡೆದು, ಯಂತ್ರ ಬಂದಮೇಲೆ ಕರೆಯಿರಿ ಎಂದು ಕೇಳಿ ನೋಡಿದೆ. ಹೆಣ್ಣಿನ ಕಡೆಯವರು ದಿನ ಮುಂದೂಡಿದರೆ ಬೀಳುವುದು ನಿಜ ಎಂದು ತಾವೇ ಸಾರಿದ ಹಾಗೆ ಎಂದ ಫಕೀರಪ್ಪ. ಅದೂ ನಿಜವೇ.

ಶುಕ್ರವಾರ ನಾಲ್ಕು ಜನ ಬಂದರು. ತಾಯಿಯಿಲ್ಲದ ಆ ಹುಡುಗನನ್ನು ಸಾಕಿದವಳು ಅವನ ಸೋದರತ್ತೆ ಗುರುಸಿದ್ದವ್ವ, ಮಾತೆಲ್ಲ ಆಕೆಯದೇ. ಸಣ್ಣ ಮೈ, ಇಲಕಲ್ ಸೀರೆ, ಬಿಗಿದ ತುಟಿ. ನಾನು ಅಡುಗೆಮನೆಯಿಂದ ನೋಡಿ ಗುರುತು ಹಿಡಿದೆ, ಆಕೆಯೂ ಹಿಡಿದಳು. ಒಂಬತ್ತು ವರ್ಷದ ಹಿಂದೆ ಆಕೆಯ ಮನೆಗೆ ನನ್ನ ಹಾಸಿಗೆ ಹೋಗಿತ್ತು. ಪದ್ಧತಿಯಂತೆ ಇಬ್ಬರೂ ಮುಖ ತಿರುಗಿಸಿಕೊಂಡೆವು.

ಊಟವಾಯಿತು. ಕಸ್ತೂರಿ ಕೋಣೆಯ ಆ ಬದಿಗೆ ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ, ಮೈತುಂಬ ಕೌದಿ ಹೊದ್ದು ಮಲಗಿದಳು. ಸಾವಂತ್ರವ್ವ ಮಂಚದ ಮೇಲಿನ ಹಾಸಿಗೆ ಏರಿದಳು. ನಾನು ಅಡುಗೆಮನೆಯ ಕಡೆಯ ಬಾಗಿಲಿಂದ ನುಸುಳಿ ಆಕೆಯ ತಲೆಯ ಬಳಿ ಕೂತೆ. ಬಾಗಿಲ ಸಂದಿಯಿಂದ ಊದಿನಕಡ್ಡಿಯ ವಾಸನೆ ಒಳಗೆ ಬಂತು. ಹೊರಗೆ ಒಂದು ಪಿಸುಮಾತೂ ಇಲ್ಲ.

ಮೊದಲು ಎಲ್ಲ ಅಂದುಕೊಂಡ ಹಾಗೇ ನಡೆಯಿತು. ಉಸಿರು ನಿಲ್ಲುತ್ತಿತ್ತು, ಮೈ ಹಾಸಿಗೆಯ ಮೇಲೆ ಸದ್ದಿಲ್ಲದೆ ಬೀಳುತ್ತಿತ್ತು, ನಾನು ತೋಳು ಚಿವುಟುತ್ತಿದ್ದೆ, ಆಕೆ ಉಸಿರೆಳೆದುಕೊಳ್ಳುತ್ತಿದ್ದಳು. ಆರು ಸಲ, ಏಳು ಸಲ. ಹಣೆ ಬೆವರಿತು, ಆದರೂ ಗೆದ್ದೆವು ಅನ್ನಿಸಿತು. ಎಂಟನೆಯ ಸಲ ಚಿವುಟಿದೆ, ಆಕೆ ಅಲುಗಲಿಲ್ಲ. ಕಿವಿ ಹಿಂಡಿದೆ. ಅಂಗಾಲಿಗೆ ಉಗುರು ಊರಿದೆ. ಹದಿನೆಂಟು, ಹತ್ತೊಂಬತ್ತು. ಕೆನ್ನೆಗೆ ಹೊಡೆದರೆ ಹೊರಗೆ ಕೇಳುತ್ತದೆ. ಇಪ್ಪತ್ತಮೂರು. ತುಟಿ ನೇರಳೆಯಾಯಿತು. ಇಪ್ಪತ್ತಾರು. ಆಗ ನಾನು ಕೂಗಬೇಕಿತ್ತು. ಸುಳ್ಳು ಹೇಳುವುದಿಲ್ಲ, ಕೂಗಲಿಲ್ಲ. ಆ ಒಂದು ಘಳಿಗೆ ಕಡ್ಡಿ ಎಷ್ಟು ಉಳಿದಿದೆಯೋ ಎಂದು ಯೋಚಿಸುತ್ತಿದ್ದೆ. ಮೂವತ್ತು ವರ್ಷ ಬಾಯಿ ಮುಚ್ಚಿ ಬದುಕಿದವಳಿಗೆ ಬಾಯಿ ತೆರೆಯಲು ಬರಲಿಲ್ಲ.

ಎದ್ದವಳು ಕಸ್ತೂರಿ. ಅವಳು ನಿದ್ದೆಯನ್ನೇ ಮಾಡಿರಲಿಲ್ಲ. ಅವಳ ಮೈ ಚಾಪೆಯಿಂದ ಎದ್ದೇ ಇಲ್ಲ ಎನ್ನುವುದನ್ನು, ಅಷ್ಟು ಕಣ್ಣಿಟ್ಟು ಕೂತ ನಾನು ನೋಡಿಯೇ ಇರಲಿಲ್ಲ. ಗೋಡೆಗೆ ಮುಖ ಮಾಡಿ ಅವಳೂ ಎಣಿಸುತ್ತಿದ್ದಳು. ಬಂದವಳೇ ಹಾಸಿಗೆಯ ಅಂಚಿಗೆ ಎರಡೂ ಕೈ ಹಾಕಿದಳು.

“ಎತ್ತ್ರಿ ಅತ್ತಿ! ಏನ್ ನೋಡ್ತೀರಿ, ಎತ್ತ್ರಿ!”

ಪಿಸುಮಾತಲ್ಲ, ಕೂಗಿಯೇ ಹೇಳಿದಳು. ನಾನೂ ಕೈ ಹಾಕಿದೆ. ಇಬ್ಬರೂ ಒಂದು ಅಂಚನ್ನು ಎತ್ತಿ ಆಕೆಯನ್ನು ಮಂಚದಿಂದ ಕಲ್ಲುನೆಲಕ್ಕೆ ಉರುಳಿಸಿದೆವು. ಗೂಟದ ಮೇಲಿನ ಕಂದೀಲು ಕೆಳಗೆ ಬಿತ್ತು. ಅಡುಗೆಮನೆಯ ತಾಟುಗಳು ಝಣಝಣ ಎಂದವು. ಓಣಿಯ ಆ ತುದಿಗೆ ನಾಯಿ ಬೊಗಳಿತು. ಆ ಎಲ್ಲ ಸದ್ದಿನ ನಡುವೆ ಸಾವಂತ್ರವ್ವ ಹಾ ಎಂದು ಎಳೆದುಕೊಂಡ ಉಸಿರು ಇನ್ನೂ ನನ್ನ ಕಿವಿಯಲ್ಲಿದೆ.

ಕಣ್ಣು ಬಿಟ್ಟು, ಎಲ್ಲಿದ್ದೇನೆಂದು ತಿಳಿದ ಕೂಡಲೇ ಆಕೆ ಮಗ್ಗುಲಾಗಿ ಮಗಳ ಕಾಲು ಹಿಡಿದುಕೊಂಡಳು. “ಎಂಥಾ ಕೆಲಸ ಮಾಡಿದಿಯವಾ. ಇನ್ನೊಂದೀಟು ತಡೀಬಾರದಾಗಿತ್ತೇನು?”

“ತಡದು ಏನ್ ಮಾಡ್ಲಿ?” ಎಂದಳು ಕಸ್ತೂರಿ. ಆಮೇಲೆ ನೆಲದ ಮೇಲೆ ಕೂತು ತಾಯಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅತ್ತಳು. ಎಷ್ಟು ವರ್ಷದ್ದು ಸೇರಿಸಿಟ್ಟಿದ್ದಳೋ, ಜೋರಾಗಿ ಅತ್ತಳು.

ಬಾಗಿಲು ತೆರೆಯಿತು. ಗುರುಸಿದ್ದವ್ವ ಹೊಸ್ತಿಲ ಮೇಲೆ ನಿಂತಿದ್ದಳು, ಹಿಂದೆ ಫಕೀರಪ್ಪ ಮುಖ ಮುಚ್ಚಿಕೊಂಡಿದ್ದ. ಬೈಗುಳಕ್ಕೆ ನಾನು ಸಿದ್ಧಳಾದೆ. ಆಕೆ ತಾಯಿ-ಮಗಳನ್ನು ನೋಡಲಿಲ್ಲ, ಮಂಚದಿಂದ ಅರ್ಧ ಜೋತುಬಿದ್ದ ಹಾಸಿಗೆಯನ್ನೇ ನೋಡಿದಳು. ಹತ್ತಿರ ಬಂದು ಅಂಗೈ ಊರಿ ಒತ್ತಿದಳು. ಕೈ ಮಣಿಕಟ್ಟಿನವರೆಗೆ ಒಳಗೆ ಹೋಯಿತು.

“ಯಾಕ ಕೆಡವಿದ್ರಿ ಆಕೀನ?” ಎಂದಳು. ನನ್ನನ್ನೇ ಕೇಳಿದಳು.

ಹೇಳಿದೆ. ಉಸಿರು ನಿಲ್ಲುವುದು, ಬೀಳುವುದು, ಬಿದ್ದ ಏಟಿಗೆ ಏಳುವುದು, ಮೆತ್ತನೆಯ ಹಾಸಿಗೆ ಮಾಡುವ ಕೇಡು, ಎಲ್ಲ ಹೇಳಿದೆ. ಆಕೆ ಒಂದೊಂದನ್ನೂ ಎರಡೆರಡು ಸಲ ಕೇಳಿದಳು. ಎಣಿಕೆ ಎಷ್ಟಾಗಿತ್ತು ಎಂದು ಕೇಳಿದಳು. ತುಟಿಯ ಬಣ್ಣ ಯಾವುದಿತ್ತು ಎಂದು ಕೇಳಿದಳು. ಆಮೇಲೆ ಮಂಚದ ಕಟ್ಟಿನ ಮೇಲೆ ಕುಸಿದು ಕೂತಳು.

“ನಮ್ಮವ್ವನೂ ಇವರಂಗಽ ದೊಡ್ಡಾಕಿ. ಕಿವಿಗೊಡಾಕ ಬಂದವರು ಎದ್ದು ಹೋದದ್ದಕ್ಕಽ ನನ್ನ ಲಗ್ನ ಎಂಟು ವರ್ಷ ತಡಾ ಆತು. ಆಕೀಗೆ ವಯಸ್ಸಾದ ಮ್ಯಾಲ ಕಡೀಕ ನೀ ಹಾಸಿಗಿ ಹೊಲದು ಕೊಟ್ಟಿ. ಆವತ್ತು ರಾತ್ರಿ ಒಂದೂ ಸಪ್ಪಳ ಆಗ್ಲಿಲ್ಲ. ಮುಂಜಾನಿ ನೋಡಿದ್ರ ಹೋಗಿದ್ಲು. ‘ಎಷ್ಟು ಸಮಾಧಾನಲೆ ಹೋದಳವಾ’ ಅಂತ ಊರೆಲ್ಲ ಅಂತು. ನಾನೂ ಅಂದೆ. ಒಂಬತ್ತು ವರ್ಷ ಎಲ್ಲಾರ ಮುಂದ ಅಂದ್ಕೋಂತ ಬಂದೀನಿ.”

ನನ್ನ ಕಾಲ ಕೆಳಗಿನ ನೆಲ ಎಲ್ಲಿದೆ ಎಂದು ತಿಳಿಯಲಿಲ್ಲ. ಮಂಚದಿಂದ ಜೋತುಬಿದ್ದ ಆ ಹಾಸಿಗೆಯನ್ನು ಎಳೆದು ಮೂಲೆಗೆ ತಳ್ಳಿದೆ. ಗುರುಸಿದ್ದವ್ವ ಸೀರೆಯ ನಿರಿಗೆ ಎತ್ತಿಕೊಂಡು ನೆಲಕ್ಕೆ ಇಳಿದು ಸಾವಂತ್ರವ್ವನ ಬೆನ್ನ ಹಿಂದೆ ಕೂತಳು. “ಮಲಕ್ಕೊಳ್ರಿ ಅಕ್ಕಾರ, ಬರಿ ನೆಲದ ಮ್ಯಾಲ ಮಲಕ್ಕೊಳ್ರಿ. ನಾ ಇರ್ತೀನಿ” ಎಂದಳು. ಹೊರಗಿದ್ದ ಮೂವರು ಹೊರಡೋಣವೇ ಎಂದು ಕೇಳಿದಾಗ ಆಕೆ ಸಾವಂತ್ರವ್ವನ ಮೂಗಿನ ಕೆಳಗೆ ಬೆರಳು ಹಿಡಿದು ಕೂತಿದ್ದಳು. ಲಗ್ನದ ಮಾತನ್ನು ಆ ದಿನ ಯಾರೂ ಎತ್ತಲಿಲ್ಲ.

ನಾನು ಅಲ್ಲಿ ನಿಲ್ಲಲಿಲ್ಲ. ಗುರುಸಿದ್ದವ್ವನ ಮಾತು ಮುಗಿಯುವಾಗಲೇ ನನ್ನ ತಲೆಯಲ್ಲಿ ಒಂದೊಂದೇ ಮನೆ ತೆರೆದುಕೊಳ್ಳತೊಡಗಿತ್ತು. ಯಾವ ಓಣಿ, ಯಾವ ಬಾಗಿಲು, ಹೆಗಲಿಗೋ ಸೊಂಟಕ್ಕೋ ಎಲ್ಲಿ ಅರಳೆ ಹೆಚ್ಚು ತುಂಬಿದ್ದೆ, ಎಲ್ಲ ನೆನಪಿದೆ. ಈ ಊರಲ್ಲಿ ಅದು ಗೊತ್ತಿರುವುದು ನನಗೊಬ್ಬಳಿಗೇ. ಬೀದಿಗೆ ಬಿದ್ದು ಓಡಿದೆ. ಹತ್ತಿರದ ಮನೆ ಬಾವಿಕಟ್ಟೆಯ ನೀಲಗಂಗವ್ವನದು. ಹೋದ ತಿಂಗಳು ಕಣಿಕೆಯ ಕೆಳಗೆ ಬಚ್ಚಿಟ್ಟು ಹಿತ್ತಲಿಂದ ಕೊಟ್ಟ ಹಾಸಿಗೆ. ಅವತ್ತು ಮುಂಬಾಗಿಲನ್ನು ಎರಡೂ ಕೈಯಿಂದ ಬಡಿದೆ. ಎದುರು ಮನೆಯವರು ಹೊರಗೆ ಬಂದು ನೋಡುತ್ತಿದ್ದರು, ನೋಡಲಿ ಎಂದು ಇನ್ನೂ ಜೋರಾಗಿ ಬಡಿದೆ. ಸೊಸೆ ಬಾಗಿಲು ತೆರೆದಳು. ನನ್ನನ್ನು ಕಂಡು ಗಾಬರಿಯಾಗಿ ಬೀದಿಯ ಕಡೆ ಕಣ್ಣು ಹಾಯಿಸಿ, ತುಟಿಗೆ ಬೆರಳಿಟ್ಟಳು.

“ಸಾವಕಾಶ ಮಾತಾಡ್ರಿ” ಎಂದಳು. “ಅತ್ತಿ ಮಲಗ್ಯಾರ. ನಿಮ್ಮ ಪುಣ್ಯಾ ಮಾಬೂಬಕ್ಕ, ಭಾಳ ಹೊತ್ತಾತು, ಒಂದೀಟೂ ಸಪ್ಪಳಿಲ್ಲ.”

ನಾನು ಆಕೆಯನ್ನು ಪಕ್ಕಕ್ಕೆ ತಳ್ಳಿ, ಚಪ್ಪಲಿ ಕಾಲಲ್ಲೇ ಒಳಗೆ ಓಡಿದೆ.